ಎರಡು ಸೀಟಿನ ಕಾರಿಗೊಬ್ಬ ಮೆಕ್ಯಾನಿಕ್

ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕಾರಿದ್ದ ಮನೆ ನಮ್ಮದೊಂದೇ. ಅದು ಹೆಮ್ಮೆಯ ವಿಷಯ ಆಗಬೇಕಿತ್ತು, ಆದರೆ ಬೀದಿಯವರಿಗೆಲ್ಲ ನಗುವ ವಿಷಯವಾಗಿತ್ತು. ಕಾರಿಗೆ ಇದ್ದದ್ದು ಎರಡು ಸೀಟು, ಮನೆಯಲ್ಲಿ ಅಪ್ಪ, ಅಮ್ಮ, ಅಕ್ಕ, ನಾನು. ಜೊತೆಗೆ ಕಾರು ಓಡುತ್ತಲೂ ಇರಲಿಲ್ಲ.

ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತರು. ಅಲ್ಲಿನ ದೊಡ್ಡ ಸಾಹೇಬರು ದಿನಾ ಈ ಕಾರಿನಲ್ಲಿ ಬರುತ್ತಿದ್ದರಂತೆ. ಕೆಂಪು ಬಣ್ಣ, ಹಿಂದಕ್ಕೆ ಮಡಚುವ ಕ್ಯಾನ್ವಾಸ್ ಟಾಪು, ಕೂತರೆ ನೆಲದ ಮೇಲೇ ಕೂತ ಹಾಗೆ ಅನಿಸುವಷ್ಟು ತಗ್ಗು. ಇಂಗ್ಲೆಂಡಿನಲ್ಲಿ ತಯಾರಾದದ್ದು. ಅಲ್ಲಿಯೂ ಅದನ್ನು ಮಾಡುವುದು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಸಾಹೇಬರು ಮಗಳ ಜೊತೆ ಇರಲು ವಿದೇಶಕ್ಕೆ ಹೊರಟಾಗ, ಗೇಟಿನ ಹತ್ತಿರ ನಿಂತು ದಿನಾ ಕಾರನ್ನು ಕಣ್ತುಂಬ ನೋಡುತ್ತಿದ್ದ ಗುಮಾಸ್ತರನ್ನು ಕರೆದು, ಬೇಕಿದ್ದರೆ ನೀನೇ ಇಟ್ಟುಕೋ ಎಂದರಂತೆ. ಅಪ್ಪ ಹಿಂದುಮುಂದು ನೋಡದೆ ಒಪ್ಪಿಕೊಂಡುಬಿಟ್ಟರು. ಸೈಕಲ್ಲು ಬಿಟ್ಟರೆ ಬೇರೇನೂ ಓಡಿಸಲು ಬಾರದ ಮನುಷ್ಯ! ಸಾಹೇಬರ ಡ್ರೈವರೇ ಕಾರನ್ನು ತಂದು ನಮ್ಮ ಕಾಂಪೌಂಡಿನೊಳಗೆ ನಿಲ್ಲಿಸಿ, ಹೇಗೆ ಜೋಪಾನ ಮಾಡಬೇಕೆಂದು ಹೇಳಿಕೊಟ್ಟು ಹೋದ.

ಡ್ರೈವಿಂಗ್ ಕಲಿಯುತ್ತೇನೆ ಕಲಿಯುತ್ತೇನೆ ಎನ್ನುತ್ತಲೇ ಅಪ್ಪ ವರ್ಷಗಳನ್ನು ಕಳೆದರು. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಮಡಿಕೆ ಮುರಿಯದ ಪಂಚೆ ಉಟ್ಟು, ಸ್ಟೀರಿಂಗ್ ಮುಂದೆ ಕೂತು ಪೇಪರ್ ಓದುತ್ತಿದ್ದರು. ಮಧ್ಯೆ ಮಧ್ಯೆ ಗೇರು ಬದಲಿಸಿ ನೋಡುತ್ತಿದ್ದರು. ಅಮ್ಮ ಕಾಫಿಯನ್ನು ಕಾರಿಗೇ ತಂದುಕೊಟ್ಟು, "ಮದ್ದೂರು ದಾಟಿತೇನು?" ಎಂದು ಕೇಳಿ ಒಳಗೆ ಹೋಗುತ್ತಿದ್ದಳು.

ಡಿಗ್ರಿ ಮುಗಿಸಿ, ಬ್ಯಾಂಕಿನ ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತ ಕೂತಿದ್ದ ನನಗೆ ಈ ತಮಾಷೆ ಸಹಿಸಲಾಗುತ್ತಿರಲಿಲ್ಲ. ಮೂಗಿನ ತುದಿಯಲ್ಲೇ ಕೋಪ ಅಂತ ಮನೆಯಲ್ಲಿ ಹೆಸರಾದವಳು ನಾನು. ಅಪ್ಪ ಕಲಿಯದಿದ್ದರೆ ನಾನೇ ಕಲಿಯುತ್ತೇನೆ ಎಂದು ರಾಜಾಜಿನಗರದ ಡ್ರೈವಿಂಗ್ ಸ್ಕೂಲಿಗೆ ಸೇರಿ, ಅಂಬಾಸಿಡರ್ ಕಾರಿನಲ್ಲಿ ಬೆವರು ಸುರಿಸಿ ಲೈಸೆನ್ಸು ತಂದೆ. ಬೀದಿಯಲ್ಲೆಲ್ಲ ಸುದ್ದಿಯಾಯಿತು. ಬ್ಯಾಟರಿ ಚಾರ್ಜ್ ಮಾಡಿಸಿ, ಹೊಸ ಪೆಟ್ರೋಲು ಹಾಕಿಸಿ, ದೇವರಿಗೆ ಕೈಮುಗಿದು ಕೀ ತಿರುಗಿಸಿದೆ. ಕಾರು ಸ್ಟಾರ್ಟ್ ಆಯಿತು! ಆಕ್ಸಿಲರೇಟರ್ ಒತ್ತಿದೆ. ಕಾರು ಒಂದು ಸಲ ಕೆಮ್ಮಿತು, ಬೀದಿ ತುಂಬ ಕರಿ ಹೊಗೆ ಬಿಟ್ಟಿತು, ನಿಂತುಹೋಯಿತು. ಮತ್ತೆ ಸ್ಟಾರ್ಟ್, ಮತ್ತೆ ಕೆಮ್ಮು, ಮತ್ತೆ ಹೊಗೆ. ಎದುರು ಮನೆಯ ಆಂಟಿ ಒಣಗಲು ಹಾಕಿದ್ದ ಬಟ್ಟೆಗಳನ್ನು ಮಾತಿಲ್ಲದೆ ತೆಗೆದುಕೊಂಡು ಹೋದರು.

ಆ ಹೊತ್ತಿಗೇ ಅಕ್ಕನ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ನಿಶ್ಚಿತಾರ್ಥಕ್ಕೆ ಬಂದಾಗ ಕಾರನ್ನು ಸುತ್ತ ತಿರುಗಿ ನೋಡಿದರು. ಅವರಲ್ಲೊಬ್ಬ ಹಿರಿಯರು, ಇದು ಓಡುತ್ತೋ ಅಥವಾ ತುಳಸಿಕಟ್ಟೆಯ ಹಾಗೆ ಇಟ್ಟಿದ್ದೀರೋ ಎಂದು ನಗುತ್ತ ಕೇಳಿದರು. ಅಮ್ಮನಿಗೆ ಅದು ಚುಚ್ಚಿತು. ಅವರು ಹೋದ ಮೇಲೆ ಅವಳು ಅಪ್ಪನಿಗೆ ಖಂಡಿತವಾಗಿ ಹೇಳಿದಳು: ಓಡುವ ಕಾರಾದರೆ ಇರಲಿ, ಓಡದಿದ್ದರೆ ಚಪ್ಪರ ಹಾಕುವ ದಿನಕ್ಕೆ ಅದು ಈ ಮನೆಯಲ್ಲಿ ಇರಕೂಡದು. ಮಾರನೆಯ ದಿನವೇ ಗುಜರಿಯವನನ್ನು ಕರೆಸಿದಳು. ಅವನು ಬಾನೆಟ್ಟನ್ನು ತಟ್ಟಿ ನೋಡಿ, ಒಳ್ಳೆ ಕಬ್ಬಿಣ ಎಂದು ಮೆಚ್ಚಿ, ಚಪ್ಪರದ ದಿನ ಬೆಳಿಗ್ಗೆ ಕೈಗಾಡಿ, ಜನ ಎಲ್ಲ ತಂದು ಬಿಚ್ಚಿಕೊಂಡು ಹೋಗುತ್ತೇನೆ ಎಂದ.

ಮುಂದಿನ ಭಾನುವಾರ ಅಪ್ಪ ಪೇಪರನ್ನು ವರಾಂಡದಲ್ಲಿ ಕೂತು ಓದಿದರು. ಕಾರು ಹೋದರೆ ಅಪ್ಪನಿಗೆ ಭಾನುವಾರವೇ ಇಲ್ಲ. ಮೆಕ್ಯಾನಿಕ್‌ನನ್ನು ಹುಡುಕುತ್ತೇನೆ ಎಂದೆ. "ಹೋಗ್ಲಿ ಬಿಡಮ್ಮ, ಅಕ್ಕನ ಮದುವೆ ಕೆಲ್ಸ ನೋಡು," ಎಂದರು ಅಪ್ಪ. ಅಷ್ಟು ಮೆತ್ತಗೆ ಹೇಳಿದ್ದಕ್ಕೇ ನನಗೆ ಹಠ ಹಿಡಿಯಿತು.

ರಾಜಾಜಿನಗರದ ಕಾರ್ಖಾನೆಗಳ ಸುತ್ತಮುತ್ತ ಗ್ಯಾರೇಜುಗಳಿಗೇನು ಬರವೆ? ಒಬ್ಬೊಬ್ಬರನ್ನಾಗಿ ಮನೆಗೆ ಕರೆತಂದೆ. ಮೊದಲು ಬಂದವನು ಬಾನೆಟ್ ಎತ್ತಿದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಒಂದಿರಬೇಕಾದ ಕಡೆ ಎರಡು ಇರುವುದನ್ನು ಕಂಡ, ಮಲಗಿದ ಮಗುವಿನ ತೊಟ್ಟಿಲ ಬಟ್ಟೆ ಎಳೆಯುವ ಹಾಗೆ ಮೆಲ್ಲಗೆ ಬಾನೆಟ್ ಮುಚ್ಚಿದ, ಒಂದು ಸ್ಪೇರ್ ಪಾರ್ಟ್ ತರುತ್ತೇನೆಂದು ಹೋದವನು ಇವತ್ತಿಗೂ ಬಂದಿಲ್ಲ. ಇನ್ನೊಬ್ಬ ಎರಡನ್ನೂ ಕಿತ್ತು ಎಸೆದು ಅಂಬಾಸಿಡರಿನದು ಒಂದನ್ನು ಕೂರಿಸುತ್ತೇನೆ, ಆಮೇಲೆ ಕುದುರೆ ಹಾಗೆ ಓಡುತ್ತೆ ಎಂದ. ನಾನು ಅವನನ್ನು ಗೇಟಿನವರೆಗೆ ಬೈದುಕೊಂಡೇ ಕಳಿಸಿದೆ. ಮತ್ತೊಬ್ಬ ಪ್ಲಗ್ಗು ಬದಲಿಸಿದ, ವೈರು ಬದಲಿಸಿದ, ಕಾರು ಹಾಗೇ ಕೆಮ್ಮಿದಾಗ ಇದು ದೃಷ್ಟಿ ದೋಷ ಎಂದು ತೀರ್ಮಾನ ಕೊಟ್ಟ. ನಮ್ಮ ಊರಿನ ಮೆಕ್ಯಾನಿಕ್‌ಗಳ ಒಂದು ಗುಣವನ್ನು ನಾನು ಆಗ ಕಂಡುಕೊಂಡೆ. ಯಾರೂ "ನಂಗೊತ್ತಿಲ್ಲ" ಅನ್ನುವುದಿಲ್ಲ. "ಮಾಡ್ಬಿಡೋಣ ಬಿಡಿ ಮೇಡಂ" ಅನ್ನುತ್ತಾರೆ, ಆಮೇಲೆ ಮಾಡಿಯೂ ಬಿಡುತ್ತಾರೆ.

ದಾರಿ ತೋರಿಸಿದ್ದು ಮದುವೆಯ ಕೆಲಸವೇ. ವರಪೂಜೆಯ ಸಂಜೆ ಗಂಡನ್ನು ತೆರೆದ ಕಾರಿನಲ್ಲಿ ಕೂರಿಸಿ, ಬ್ಯಾಂಡ್ ಸೆಟ್ಟಿನ ಜೊತೆ ಛತ್ರಕ್ಕೆ ಮೆರವಣಿಗೆಯಲ್ಲಿ ಕರೆತರುವುದು ಆಗಿನ ರೂಢಿ. ಅಂಥ ಕಾರನ್ನು ಬಾಡಿಗೆಗೆ ಕೊಡುವವರೊಬ್ಬರು ಮಹಾಲಕ್ಷ್ಮಿ ಲೇಔಟಿನಲ್ಲಿದ್ದರು. ಅಪ್ಪನ ಜೊತೆ ನಾನೂ ಹೋದೆ. ಹಳೆಯ, ಉದ್ದನೆಯ, ಬಿಳಿಯ ಕಾರು. ಅವರು ಎಂಜಿನ್ ಹಾಕಿ ತೋರಿಸಿದರು. ಬ್ಯಾಂಡಿನವರ ಜೊತೆ ಹೆಜ್ಜೆ ಹೆಜ್ಜೆಯಾಗಿ ಸಾಗಬೇಕಾದ ಕಾರು, ಒಂದು ಸಲವೂ ಕೆಮ್ಮದೆ, ತಣ್ಣಗೆ ಗುನುಗುತ್ತಿತ್ತು. ನಾನು ಹೂವಿನ ಅಲಂಕಾರದ ಮಾತು ಬಿಟ್ಟು ಬಾನೆಟ್ ಎತ್ತಿ ತೋರಿಸಿ ಎಂದೆ. ಅವರು ಬೆರಗಾಗಿ ಎತ್ತಿದರು. ಒಳಗೆ ನಮ್ಮದರಲ್ಲಿರುವ ಹಾಗೆಯೇ, ಗಂಟೆಯಂತೆ ತಲೆ ದುಂಡಗಿರುವ ಎರಡು ಕಾರ್ಬ್ಯುರೇಟರ್! ನನಗೆ ಅಲ್ಲೇ ಕುಣಿಯುವ ಹಾಗಾಯಿತು. ಇದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದೆ.

ಮದುವೆ ಸೀಸನ್ನಿನಲ್ಲಿ ತಮ್ಮ ಮೆಕ್ಯಾನಿಕ್‌ನನ್ನು ಇನ್ನೊಬ್ಬರು ಕರೆದುಕೊಂಡು ಹೋದರೆ ತಮ್ಮ ಗತಿಯೇನು ಎಂಬ ಯೋಚನೆ ಅವರ ಮುಖದ ಮೇಲೇ ಕಾಣುತ್ತಿತ್ತು. ನಾನು ಬಿಡುವವಳಲ್ಲ. ಹೇಳದಿದ್ದರೆ ಕಾರು ಬುಕ್ ಮಾಡುವುದಿಲ್ಲ ಎಂದುಬಿಟ್ಟೆ. ಅಪ್ಪ ಕಂಗಾಲಾಗಿ ನನ್ನ ಕಡೆ ನೋಡಿದರು. ಕೊನೆಗೆ ಕಾರಿನವರು ಬಾಯಿಬಿಟ್ಟರು. ಕೆಂಗೇರಿ, ರೈಲ್ವೆ ಗೇಟ್ ದಾಟಿ ಅಕ್ಕಿ ಗಿರಣಿಯ ಪಕ್ಕ, ಪಂಪ್‌ಸೆಟ್ ರಿಪೇರಿ ಅಂಗಡಿ. ಬಿಳಿ ಪ್ಯಾಂಟು ಹಾಕಿಕೊಂಡಿರುತ್ತಾನೆ, ಗುರುತು ಹಿಡಿಯುವುದು ಕಷ್ಟವಿಲ್ಲ, ಒಪ್ಪಿಸುವುದು ಕಷ್ಟ ಎಂದರು.

ಮಾರನೆಯ ಬೆಳಿಗ್ಗೆ ಕೆಂಗೇರಿ ಬಸ್ಸು ಹತ್ತಿದೆ. ಆಗಿನ ಕೆಂಗೇರಿ ಎಂದರೆ ಊರು ಬಿಟ್ಟು ಇನ್ನೊಂದು ಊರಿಗೆ ಹೋದ ಹಾಗೆ. ಗೇಟ್ ಹಾಕಿತ್ತು, ಗೂಡ್ಸ್ ಗಾಡಿ ಆಮೆಯ ಹಾಗೆ ಹೋಗುತ್ತಿದ್ದರೆ ನಾನು ನಿಂತಲ್ಲೇ ಕಾಲು ಬಡಿಯುತ್ತಿದ್ದೆ. ಅಂಗಡಿ ಸಿಕ್ಕಿತು. ಹೊರಗೆ ಗ್ರೀಸ್ ಮೆತ್ತಿದ ಪಂಪುಗಳ ರಾಶಿ. ಒಳಗೆ, ಆ ರಾಶಿಯ ನಡುವೆ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಿಳಿ ಶರಟು ತೊಟ್ಟು, ಮೀಸೆಗೆ ಬಣ್ಣ ಹಚ್ಚಿದ ಅರವತ್ತರ ಆಸುಪಾಸಿನ ಮನುಷ್ಯ. ಕೈ ಕೊಳೆ ಮಾಡಿಕೊಳ್ಳುವವನು ಮೆಕ್ಯಾನಿಕ್ಕೇ ಅಲ್ಲ ಎನ್ನುವುದು ಅವರ ವಾದವಂತೆ. ಎರಡನೆಯ ಮಾತಿಗೇ ಅದನ್ನು ಹೇಳಿದರು.

ವಿಷಯ ಹೇಳುವ ಮೊದಲೇ ಅವರು ಗೋಡೆಯ ಮೇಲಿನ ಕಟ್ಟು ಹಾಕಿಸಿದ ಸರ್ಟಿಫಿಕೇಟ್ ತೋರಿಸಿ, ಓದಮ್ಮ ಎಂದರು. ಇಂಥ ಇಂಗ್ಲಿಷ್ ಕಾರುಗಳನ್ನೇ ನೋಡಿಕೊಳ್ಳುತ್ತಿದ್ದ ಕಂಟೋನ್ಮೆಂಟಿನ ಒಂದು ವರ್ಕ್‌ಶಾಪಿನಲ್ಲಿ ತರಬೇತಿ ಪಡೆದವರು ಎಂದು ಅದರಲ್ಲಿ ಬರೆದಿತ್ತು. ಮನಸ್ಸಿನಲ್ಲೇ ಓದಿದೆ. ಜೋರಾಗಿ ಓದು ಎಂದರು. ಅಕ್ಕಿ ಗಿರಣಿಗೆ ಬಂದವರೆಲ್ಲ ತಿರುಗಿ ನೋಡುವ ಹಾಗೆ ಓದಿದೆ. ಆಮೇಲೆ ನಮ್ಮ ಕಾರಿನ ಕಥೆ ಕೇಳಿ, ಕಣ್ಣು ಮುಚ್ಚಿಕೊಂಡು ಪರೀಕ್ಷೆ ಶುರು ಮಾಡಿದರು. ತಣ್ಣಗಿರುವಾಗ ಸ್ಟಾರ್ಟ್ ಆಗುತ್ತಾ? ಹೊಗೆ ಬಿಳಿಯೋ, ನೀಲಿಯೋ, ಕರಿಯೋ? ಸುಮ್ಮನೆ ಬಿಟ್ಟರೆ ನಿಲ್ಲುತ್ತಾ, ಒತ್ತಿದರೆ ನಿಲ್ಲುತ್ತಾ? ಮೆಲ್ಲಗೆ ಒತ್ತಿದರೆ? ನಾನು ಪಟಪಟನೆ ಉತ್ತರಿಸಿದೆ. ಬ್ಯಾಂಕಿನ ಸಂದರ್ಶನ ಕೂಡ ಆಮೇಲೆ ನನಗೆ ಅಷ್ಟು ಚೆನ್ನಾಗಿ ಆಗಲಿಲ್ಲ. ಕಣ್ಣು ತೆರೆದವರ ಮುಖ ಹೊಳೆಯುತ್ತಿತ್ತು, ಆದರೂ ಬಿಗುಮಾನ ಬಿಡಲಿಲ್ಲ.

"ನಾನು ಯಾರ ಮನೆಗೂ ಹೋಗಲ್ಲಮ್ಮ. ಕಾರು ಇಲ್ಲಿಗೆ ತಗೊಂಬಾ, ನೋಡ್ತೀನಿ," ಎಂದರು.

"ಎದ್ದು ಓಡಾಡೋ ಹಾಗಿದ್ರೆ ಡಾಕ್ಟರ್ ಯಾಕೆ ಬೇಕು ಸಾರ್? ನೀವು ಬರ್ದೇ ಇದ್ರೆ ಗುಜರಿಯವ್ನು ಬರ್ತಾನೆ, ಅಷ್ಟೇ," ಎಂದೆ. ಮಾತು ಜಗಳದ ಹಾಗೆ ಹೊರಬಂತು.

ಗುಜರಿ ಎನ್ನುವ ಮಾತು ಕೇಳಿ ಅವರು ಎದ್ದು ನಿಂತರು. ಆ ಕಾರನ್ನಾ ಎಂದರು. ಎರಡು ಸಲ ಎಂದರು. ಸರಿ, ಬರುತ್ತೇನೆ, ಆದರೆ ಕೈಯಲ್ಲಿರುವ ಪಂಪ್‌ಸೆಟ್ಟುಗಳಿಗೆ ರೈತರು ಕಾಯುತ್ತಿದ್ದಾರೆ, ಅದು ಮುಗಿದ ಮೇಲೇ ಎಂದು ದಿನ ಹೇಳಿದರು. ನಾನು ಲೆಕ್ಕ ಹಾಕಿದೆ. ಅವರು ಹೇಳಿದ್ದು ಚಪ್ಪರದ ದಿನ ಬೆಳಿಗ್ಗೆಯೇ.

ಆ ಬೆಳಿಗ್ಗೆ ಮನೆ ಹೇಗಿತ್ತೆಂದರೆ, ಒಂದು ಕಡೆ ಒಬ್ಬಟ್ಟಿನ ಹೂರಣ, ಒಂದು ಕಡೆ ಮಾವಿನ ಸೊಪ್ಪು, ಗೇಟಿನಾಚೆ ಬಿದಿರು, ತೆಂಗಿನ ಗರಿ ಇಳಿಸಿಕೊಂಡು ಕೂತ ಚಪ್ಪರದವರು. ಅಮ್ಮ ಉಳಿದಿದ್ದ ರವಿಕೆಗಳಿಗೆ ಹೊಲಿಗೆ ಮಿಷನ್ನಿನಲ್ಲಿ ಕೊನೆಯ ಹೊಲಿಗೆ ಹಾಕುತ್ತಿದ್ದಳು. ನಾನು ಗೇಟಿನ ಹತ್ತಿರವೇ ಬೀಡುಬಿಟ್ಟಿದ್ದೆ. ಮೊದಲು ಬರುವುದು ಗುಜರಿಯವನೋ ಮೆಕ್ಯಾನಿಕ್ಕೋ? ಬೀದಿಯ ಕೊನೆಯಲ್ಲಿ ಮೊಪೆಡ್ಡಿನ ಸದ್ದು, ಮೊಪೆಡ್ಡಿನ ಮೇಲೆ ಬಿಳಿ ಪ್ಯಾಂಟು. ಸಂತೋಷಕ್ಕೆ ಕಿರುಚಬೇಕೆನಿಸಿತು, ಬಂಧುಗಳಿದ್ದರೆಂದು ತಡೆದುಕೊಂಡೆ.

ಅವರು ಯಾವ ಉಪಕರಣವನ್ನೂ ತೆಗೆಯಲಿಲ್ಲ. ಕಾರನ್ನು ಒಂದು ಸುತ್ತು ಬಂದರು, ಬಾನೆಟ್ ಎತ್ತಿದರು, ಒಂದು ಕಾರ್ಬ್ಯುರೇಟರಿನ ದುಂಡು ತಲೆಯ ಮೇಲಿದ್ದ ಪುಟ್ಟ ಮುಚ್ಚಳ ತಿರುಗಿಸಿದರು. ಮುಚ್ಚಳದ ಜೊತೆ ಒಂದು ಕಡ್ಡಿ ಎದ್ದು ಬಂತು, ಕಡ್ಡಿಯ ತುದಿಯಿಂದ ಜೇನುತುಪ್ಪದಂಥದು ದಾರದಂತೆ ಇಳಿಯಿತು. ಬೆರಳಿಗೆ ಹಚ್ಚಿಕೊಂಡು ಮೂಸಿದರು. ಮೀಸೆ ಅಲ್ಲಾಡಿತು. ಇನ್ನೊಂದನ್ನೂ ಬಿಚ್ಚಿ ಮೂಸಿದರು.

"ಹರಳೆಣ್ಣೆ!" ಎಂದರು. "ಕಾರಿಗೆ ಭೇದಿಗೆ ಕೊಟ್ಟಿದ್ದು ಯಾರು?"

ಅಪ್ಪ ಪಂಚೆಯ ಅಂಚು ಹಿಡಿದುಕೊಂಡು ಮುಂದೆ ಬಂದರು. ನಮ್ಮ ಮನೆಯಲ್ಲಿ ಆಯುಧಪೂಜೆಯ ಹಿಂದಿನ ದಿನ ಕಬ್ಬಿಣದ ಸಾಮಾನಿಗೆಲ್ಲ ಹರಳೆಣ್ಣೆ ಹಾಕುವುದು ಅಜ್ಜನ ಕಾಲದಿಂದ ಬಂದ ಪದ್ಧತಿ. ಕತ್ತರಿ, ಈಳಿಗೆಮಣೆ, ಸೈಕಲ್ಲು, ಗೇಟಿನ ಕೀಲು, ಎಲ್ಲಕ್ಕೂ. ಸಾಹೇಬರ ಡ್ರೈವರ್ ಹೋಗುವಾಗ ಈ ಎರಡು ಮುಚ್ಚಳಗಳ ಒಳಗೆ ಎಣ್ಣೆ ಆರಬಾರದು ಎಂದಿದ್ದನಂತೆ. ಯಾವ ಎಣ್ಣೆ ಎಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಪೂಜೆಗೆ ಪೂಜೆಗೆ ಶ್ರದ್ಧೆಯಿಂದ ತುಂಬಿಸುತ್ತ ಬಂದಿದ್ದರು. ಅಲ್ಲಿರಬೇಕಾದದ್ದು ತೆಳು ಎಣ್ಣೆ. ಆಕ್ಸಿಲರೇಟರ್ ಒತ್ತಿದಾಗ ಒಳಗಿನ ಪಿಸ್ಟನ್ ಚಕ್ಕನೆ ಏಳಬೇಕು, ಗಾಳಿ ನುಗ್ಗಬೇಕು. ನಮ್ಮದರಲ್ಲಿ ಪಿಸ್ಟನ್ ಹರಳೆಣ್ಣೆಯಲ್ಲಿ ಹೂತುಹೋಗಿತ್ತು. ಪೆಟ್ರೋಲು ನುಗ್ಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಕಾರು ಕೆಮ್ಮದೆ ಇನ್ನೇನು ಮಾಡೀತು?

ಅಪ್ಪನ ಮುಖ ಸಣ್ಣದಾಯಿತು. ಮೆಕ್ಯಾನಿಕ್ ಮಾತ್ರ ಬಿದ್ದು ಬಿದ್ದು ನಕ್ಕರು, ಎಷ್ಟೆಂದರೆ ಬಿಳಿ ಶರಟಿಗೆ ಒಂದು ಹನಿ ಹರಳೆಣ್ಣೆ ತಾಗಿಸಿಕೊಂಡರು. ಕೈ ಕೊಳೆಯ ಬಗ್ಗೆ ಕೆಂಗೇರಿಯಲ್ಲಿ ಅವರು ಹೇಳಿದ್ದು ನೆನಪಾಗಿ ನಾನೂ ನಕ್ಕೆ. ಅವರು ಅಪ್ಪನ ಬೆನ್ನು ತಟ್ಟಿ, ಅಷ್ಟು ಪ್ರೀತಿಯಿಂದ ಸಾಕಿದ್ದಕ್ಕೇ ಒಂದು ಚೂರೂ ತುಕ್ಕು ಹಿಡಿದಿಲ್ಲ ಎಂದರು. ಎರಡನ್ನೂ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದರು. ಆಮೇಲೆ ಒಳಗಿನಿಂದ ಬರುತ್ತಿದ್ದ ಹೊಲಿಗೆ ಮಿಷನ್ನಿನ ಸದ್ದಿಗೆ ಕಿವಿ ಕೊಟ್ಟು, ಆ ಮಿಷನ್ನಿಗೆ ಹಾಕುವ ಎಣ್ಣೆ ಇದ್ದರೆ ತನ್ನಿ ಎಂದರು.

ಹೊಲಿಗೆ ನಿಂತಿತು. ಅಮ್ಮ ತಾನೇ ಎಣ್ಣೆಯ ಡಬ್ಬಿ ಹಿಡಿದು ಹೊರಗೆ ಬಂದಳು. ಬಂದವಳು ಕೊಟ್ಟು ಹೋಗಲಿಲ್ಲ, ಅಲ್ಲೇ ನಿಂತಳು.

ಆ ಎಣ್ಣೆ ತುಂಬಿಸಿ, ನನ್ನಿಂದ ಎಂಜಿನ್ ಹಾಕಿಸಿ, ಇನ್ನು ಎರಡೂ ಸಮನಾಗಿ ಉಸಿರಾಡಬೇಕು ಎಂದು ಮೆಕ್ಯಾನಿಕ್ ಒಂದು ರಬ್ಬರ್ ಕೊಳವೆ ತೆಗೆದು ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೆ ಹಿಡಿದರು. ಮದುವೆ ಮನೆಯಲ್ಲಿ ಯಾರೂ ಮಾತಾಡಕೂಡದು ಎಂದು ಅಪ್ಪಣೆಯಾಯಿತು. ಚಪ್ಪರದವರು ಬೀಡಿ ಆರಿಸಿದರು. ಅಡುಗೆಯವರು ಸೌಟು ಕೆಳಗಿಟ್ಟರು. ಸೋದರತ್ತೆ ಬಾಯಿ ಮುಚ್ಚಿಕೊಂಡಿದ್ದನ್ನು ನಾನು ಜೀವಮಾನದಲ್ಲಿ ನೋಡಿದ್ದು ಅದೊಂದೇ ಸಲ. ಮೆಕ್ಯಾನಿಕ್ ಒಂದು ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ, ಕೊಳವೆಯನ್ನು ನನ್ನ ಕಿವಿಗೆ ಕೊಟ್ಟರು. ಈ ಕಡೆ ಸುಯ್ ಎನ್ನುವ ಗಾಳಿ, ಆ ಕಡೆ ಅದೇ ಸುಯ್. ನನಗೆ ಮೈ ಜುಮ್ಮೆಂದಿತು. ಈಗ ಆಕ್ಸಿಲರೇಟರ್ ಒತ್ತು ಎಂದರು. ಒತ್ತಿದೆ. ಕೆಮ್ಮಿಲ್ಲ, ಹೊಗೆಯಿಲ್ಲ. ಗುಡುಗಿತು.

ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಗಡಿ ರಸ್ತೆಯವರೆಗೆ ಹೋಗಿಬಂದೆ. ಅಂಬಾಸಿಡರ್ ಕಲಿತ ಕೈಗೆ ಅದು ಹಗ್ಗ ಬಿಚ್ಚಿದ ಕರುವಿನಂತಿತ್ತು. ಖಾಲಿ ಸೈಟುಗಳ ನಡುವೆ ಕೆಂಪು ಧೂಳೆಬ್ಬಿಸಿ ಬಂದಾಗ ಇಡೀ ಬೀದಿ ಹೊರಗೆ ನಿಂತಿತ್ತು. ನಮ್ಮ ಗೇಟಿನಲ್ಲಿ ಗುಜರಿಯವನೂ ನಿಂತಿದ್ದ, ಕೈಗಾಡಿಯ ಸಮೇತ. ಮಾತು ಮಾತೇ, ಇಷ್ಟು ದೂರ ಜನ ಕರೆತಂದಿದ್ದೇನೆ ಎಂದು ಅವನು ತಕರಾರು ತೆಗೆದ. ನಾನು ಇಳಿದು ಜಗಳಕ್ಕೆ ಸಿದ್ಧಳಾಗುವಷ್ಟರಲ್ಲಿ ಅಮ್ಮ ಅಡ್ಡ ಬಂದಳು. ಒಳಗೆ ಹೋಗಿ, ವರ್ಷಗಳಿಂದ ಕಟ್ಟಿಟ್ಟಿದ್ದ ಅಪ್ಪನ ಭಾನುವಾರದ ಪೇಪರುಗಳ ಹೊರೆಯನ್ನು ಹೊರಿಸಿಕೊಂಡು ಬಂದು ಅವನ ಗಾಡಿಗೆ ಹಾಕಿಸಿದಳು.

"ಇದನ್ನ ತಗೊಂಡು ಹೋಗಪ್ಪ. ಕಾರು ಮನೇವರದ್ದು," ಎಂದಳು. ಅಪ್ಪನ ಕಡೆ ತಿರುಗಿ, "ನೀವಿನ್ನೇನು ನೋಡ್ತಾ ನಿಂತಿದೀರ? ಹತ್ತಿ," ಎಂದಳು.

ಅಪ್ಪ ಬಂದು ರೂಢಿಯಂತೆ ಸ್ಟೀರಿಂಗ್ ಕಡೆಯ ಬಾಗಿಲು ತೆರೆದು ಕೂತುಬಿಟ್ಟರು. ನಾನು ಹೊರಗೆ ನಿಂತಿದ್ದೆ. ಆ ಕಡೆ ಹೋಗಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸ್ವಲ್ಪ ಹೊತ್ತು ಎರಡೂ ಕೈಯಲ್ಲಿ ಚಕ್ರ ಹಿಡಿದು ಕೂತರು. ಆಮೇಲೆ ಇಳಿಯದೆ, ಪಂಚೆ ಎತ್ತಿಕಟ್ಟಿ, ಗೇರಿನ ಮೇಲಿಂದ ಕಾಲು ದಾಟಿಸಿ ತಾವೇ ಆಚೆ ಸೀಟಿಗೆ ಸರಿದರು. ನಾನು ಕೂತೆ. ಮಾಗಡಿ ರಸ್ತೆ ದಾಟಿ, ಹೊಸಹಳ್ಳಿ ದಾಟಿ, ವಿಜಯನಗರದ ಕಡೆ ತಿರುಗಿದೆವು. ಗಾಳಿಗೆ ಅವರ ಇರುವಷ್ಟು ಕೂದಲು ನೆಟ್ಟಗೆ ನಿಂತಿತ್ತು. ಎರಡೂ ಕೈ ಮಡಿಲಲ್ಲಿಟ್ಟು ನೆಟ್ಟಗೆ ಕೂತಿದ್ದರು. ಹಿಡಿಸಲಿಲ್ಲವೇನೋ ಎಂದು ನನಗೆ ಭಯವಾಗಿ, ಸಾಕಾ, ತಿರುಗಿಸಲಾ ಎಂದು ಕೇಳಿದೆ.

"ಬೇಡ ಕಣೇ," ಎಂದರು ಅಪ್ಪ, ಮುಂದಿನ ಗಾಜಿನಿಂದ ಕಣ್ಣು ಕೀಳದೆ. "ಇಷ್ಟು ವರ್ಷ ಈ ಗಾಜಲ್ಲಿ ನಮ್ಮ ಕಾಂಪೌಂಡ್ ಗೋಡೆ ಬಿಟ್ಟು ಬೇರೇನೂ ಕಂಡಿರ್ಲಿಲ್ಲ."

ನಾನು ತಿರುಗಿಸಲಿಲ್ಲ.